ಹನ್ನೊಂದನೇ ಪ್ರದರ್ಶನದಲ್ಲಿ ಪಾರ್ವತಮ್ಮನ ಗಂಟಲು

ಯಜಮಾನರ ವರ್ಷದ ತಿಥಿಗೆ ಇಡೀ ಕುಮಾರಸ್ವಾಮಿ ಲೇಔಟಲ್ಲಿ ಇದುವರೆಗೂ ಯಾರೂ ಮಾಡದ ಕೆಲಸ ಮಾಡಿ ತೋರಿಸ್ತೀನಿ ಅಂತ ಪಾರ್ವತಮ್ಮ ಸೆರಗು ಬಿಗಿದು ನಿಂತಳು. ಊಟ ಎಲ್ಲರೂ ಹಾಕ್ತಾರೆ. ಫೋಟೋಗೆ ಹಾರ ಎಲ್ಲರೂ ಹಾಕ್ತಾರೆ. ಪಾರ್ವತಮ್ಮ ತೀರಿಕೊಂಡ ಗಂಡನ ದನಿಯನ್ನೇ ಕೇಳಿಸೋಳಿದ್ದಳು! ಅದೂ ಮನೆ ಮುಂದೆ ರಸ್ತೆಗೆ ಶಾಮಿಯಾನ ಹಾಕಿಸಿ, ಆಳೆತ್ತರದ ಎರಡು ಬಾಕ್ಸು ಇಡಿಸಿ!

ಇದಕ್ಕೆಲ್ಲ ಕಿಡಿ ಹಚ್ಚಿದೋಳು ಓರಗಿತ್ತಿ ವಾರಿಜಾ. ತಿಥಿಗೆ ಯಾರ್ಯಾರನ್ನ ಕರೀಬೇಕು ಅಂತ ಇಬ್ಬರೂ ಲೆಕ್ಕ ಹಾಕ್ತಾ ಕೂತಿದ್ದರು. ವಾರಿಜಾ ಇದ್ದಕ್ಕಿದ್ದಂಗೆ ಅಂದಳು:

“ಅಕ್ಕ, ತಪ್ಪು ತಿಳ್ಕೋಬೇಡಿ. ಭಾವನ ಮುಖ ಕಣ್ಮುಂದೆ ಬರತ್ತೆ. ದನಿ ಮಾತ್ರ ಬರಲ್ಲ. ಅವರು ಮಾತಾಡ್ತಿದ್ರಾ?”

“ಮಾತಾಡ್ದೆ? ಮೂಗರಾ ಅವರು?”

“ಅಲ್ಲ, ನೀವಿದ್ದಾಗ ಮಾತಾಡಿದ್ದು ನಾನಂತೂ ಕೇಳಿಲ್ಲಪ್ಪ.”

ಪಾರ್ವತಮ್ಮನಿಗೆ ಮೈ ಉರಿದುಹೋಯಿತು. ಉರಿದಿದ್ದು ವಾರಿಜಾ ಸುಳ್ಳು ಹೇಳಿದಳು ಅಂತಲ್ಲ. ಪಾರ್ವತಮ್ಮನಿಗೂ ದನಿ ನೆನಪಿಗೆ ಬರ್ತಿರಲಿಲ್ಲ. ಹೋದ ವರ್ಷ ಯಜಮಾನರು ಎದೆನೋವು ಅಂದರು, ಆಟೋ ಆಸ್ಪತ್ರೆ ತಲುಪೋದರೊಳಗೆ ಹೋದರು. ಮೊದಲ ಆರು ತಿಂಗಳು “ಟೀ ಆಯ್ತಾ?” ಅನ್ನೋದು ಕಿವಿಯಲ್ಲೇ ಇತ್ತು. ಆಮೇಲಾಮೇಲೆ ಮಾತು ಬರ್ತಿತ್ತು, ದನಿ ಬರ್ತಿರಲಿಲ್ಲ. ತನ್ನ ದನಿಯಲ್ಲೇ “ಟೀ ಆಯ್ತಾ” ಅಂತ ಕೇಳಿಸೋದು! ಯಜಮಾನರದು ಗುಂಡಿ ಒತ್ತೋ ಫೋನು. ಅದರಲ್ಲಿ ವಿಡಿಯೋ ಗಿಡಿಯೋ ಇಲ್ಲ. ಮದುವೆ ಕ್ಯಾಸೆಟ್ಟಲ್ಲಿ ಬರೀ ವಾಲಗ. ಇನ್ನೊಂದು ವರ್ಷ ಹೋದರೆ ಪೂರ್ತಿ ಮರೆತೇಹೋಗತ್ತೆ ಅಂತ ಅವಳಿಗೆ ದಿಗಿಲು. ಇದನ್ನ ಯಾರಿಗೆ ಹೇಳೋದು? ಗಂಡನ ದನಿ ಮರೆತೋಳು ಅಂತ ಹೆಸರಿಟ್ಟುಬಿಡ್ತಾರೆ.

“ನಿಮ್ಮ ಭಾವನ ದನಿ ತಾನೇ? ಕೇಳಿಸ್ತೀನಿ ಬಾ” ಅಂದುಬಿಟ್ಟಳು. ಹೇಗೆ ಅಂತ ಅವಳಿಗೇ ಗೊತ್ತಿರಲಿಲ್ಲ.

ರಾತ್ರಿಯೆಲ್ಲ ಯೋಚನೆ ಮಾಡಿದ ಮೇಲೆ ಕಾಲೇಜು ನೆನಪಾಯಿತು. ಯಜಮಾನರು, ಅಂದರೆ ಸಿದ್ದರಾಜು, ಮೂವತ್ತು ವರ್ಷ ಕೆಲಸ ಮಾಡಿದ್ದು ಕಿವಿ ಪರೀಕ್ಷೆ ಮಾಡೋದನ್ನ ಕಲಿಸೋ ಕಾಲೇಜಲ್ಲಿ. ಗೋಡೆಗೆಲ್ಲ ಸ್ಪಂಜು ಅಂಟಿಸಿದ ಕೋಣೆ, ಅದನ್ನ ನೋಡಿಕೊಳ್ಳೋ ಅಟೆಂಡರು. ಮದುವೆಯಾದ ಹೊಸದರಲ್ಲಿ ಅವಳು ಕೇಳಿದ್ದಳು:

“ಅಲ್ಲಿ ಏನ್ರೀ ಕೆಲಸ?”

“ಶಬ್ದ ಹಿಡಿಯೋದು.”

“ಹಿಡಿದು?”

“ಹುಡುಗರಿಗೆ ಕೇಳಿಸೋದು.”

ಶಬ್ದ ಏನು ಇಲಿಯಾ, ಹಿಡಿಯೋಕೆ? ಪಾರ್ವತಮ್ಮ ಆಮೇಲೆ ಆ ವಿಷಯ ಕೇಳಲೇ ಇಲ್ಲ.

ಫೋನು ಮಾಡಿದಳು. ಎತ್ತಿಕೊಂಡೋಳು ಸಮನ್ವಿತಾ ಅಂತ, ಅಲ್ಲಿ ಪಾಠ ಮಾಡೋ ಹುಡುಗಿ.

“ಅಂಕಲ್ ದನೀನಾ? ಅಯ್ಯೋ ಅಮ್ಮ, ಅವರ ದನಿ ಕೇಳ್ದೆ ನಮ್ಮಲ್ಲಿ ಯಾರೂ ಪಾಸೇ ಆಗಲ್ಲ! ಪಾಠಕ್ಕೆ ಅಂತ, ಕಿವಿಗೆ ಯಾವುದು ಹೆಂಗೆ ಕೇಳಿಸತ್ತೆ ಅಂತ ತೋರಿಸೋಕೆ ಶಬ್ದಗಳ ಪ್ರದರ್ಶನ ರೆಕಾರ್ಡ್ ಮಾಡ್ತಾರಲ್ಲ, ಅದು ಇಂಗ್ಲಿಷಲ್ಲಿ ಮಾತ್ರ ಇತ್ತು. ಅಂಕಲ್ಲೇ ಕೂತು ಕನ್ನಡದಲ್ಲಿ ಮಾಡಿದ್ರು. ಹನ್ನೆರಡು ಪ್ರದರ್ಶನ. ಎಂಟು ವರ್ಷದಿಂದ ಅದೇ ಓಡ್ತಿದೆ.”

ಪಾರ್ವತಮ್ಮ ಫೋನು ಹಿಡಿದೇ ನೆಲಕ್ಕೆ ಕೂತಳು. ಎಂಟು ವರ್ಷ! ಮನೆಯಲ್ಲಿ ಒಂದು ಮಾತು ಹೇಳಿಲ್ಲ ಈ ಮನುಷ್ಯ!

ಶನಿವಾರ ಸಮನ್ವಿತಾ ಪೆನ್‌ಡ್ರೈವ್ ಹಿಡಿದು ಮನೆಗೇ ಬಂದಳು. ಕಾಫಿ ಕುಡಿದಳು. ಲೋಟ ಕೆಳಗಿಟ್ಟು ಕೈ ಕೈ ಹಿಸುಕಿದಳು.

“ಅಮ್ಮ, ಮೊದಲು ನೀವೊಬ್ರೇ ಒಂದ್ಸಲ ಕೇಳಿಬಿಡಿ.”

“ಬೇಡ. ನಾಳೆ ಎಲ್ಲರ ಜೊತೆ ಕೇಳ್ತೀನಿ.” ಒಬ್ಬಳೇ ಕೇಳೋಕೆ ಅವಳಿಗೆ ಧೈರ್ಯ ಇರಲಿಲ್ಲ.

“ಹಂಗಾದ್ರೆ ಹತ್ತರವರೆಗೆ ಹಾಕೋಣ. ಹನ್ನೊಂದು ಬೇಡ.”

“ಯಾಕೆ?”

“ಅದು ಸ್ವಲ್ಪ... ಮನೇದು.”

“ನನಗೆ ಬೇಕಾಗಿರೋದೇ ಮನೇದು! ಒಂದೂ ಬಿಡಬೇಡ. ಹನ್ನೆರಡೂ ಹಾಕು.”

ಹುಡುಗಿ ಅವಳ ಮುಖ ನೋಡಿದಳು. ಪೆನ್‌ಡ್ರೈವ್ ಮತ್ತೆ ಬ್ಯಾಗಿಗೆ ಹಾಕಿಕೊಂಡಳು.

ಭಾನುವಾರ ಬೆಳಿಗ್ಗೆ ಸೌಂಡ್ ಸಿಸ್ಟಂ ಭೀಮೇಶ್ ಗಾಡಿ ತುಂಬ ಸಾಮಾನು ತಂದಿಳಿಸಿದ.

“ಆಂಟಿ, ಇವು ರಾಜ್ಯೋತ್ಸವಕ್ಕೆ ಇಡೋ ಬಾಕ್ಸು. ಸಖತ್ ಬರತ್ತೆ. ಅಂಕಲ್ ಮಾತಾಡಿದ್ರೆ ಬನಶಂಕರಿ ಬಸ್ ಸ್ಟ್ಯಾಂಡಲ್ಲಿ ಇರೋರು ತಿರುಗಿ ನೋಡ್ಬೇಕು!”

“ನೋಡ್ಲಿ” ಅಂದಳು ಪಾರ್ವತಮ್ಮ.

ಹನ್ನೊಂದು ಗಂಟೆಗೆ ಅರವತ್ತು ಜನ ಸೇರಿದರು. ನೆಂಟರು, ಅಕ್ಕಪಕ್ಕದೋರು, ಎದುರು ಮನೆ ಬಾಡಿಗೆಯೋರು. ಮುಂದಿನ ಸಾಲಲ್ಲಿ ಯಜಮಾನರ ಸೋದರಮಾವ ಮುನಿಯಣ್ಣ, ಎಂಬತ್ತಾಗಿದೆ, ಕೋಲು ಊರಿಕೊಂಡು ಕೂತರು. ಫೋಟೋ ಮುಂದೆ ಎಡೆ ಇಟ್ಟಾಯಿತು. ಹಿಂದುಗಡೆ ಅಡುಗೆಯೋರು ಅನ್ನಕ್ಕೆ ಇಟ್ಟರು. ಪಾರ್ವತಮ್ಮ ಮೈಕು ಹಿಡಿದಳು. ಬಾಳಲ್ಲಿ ಮೊದಲ ಸಲ.

“ನಮ್ಮ ಯಜಮಾನರು ಹೆಂಗಿದ್ರು ಅಂತ ನಿಮಗೆಲ್ಲ ಗೊತ್ತು. ಮೂವತ್ನಾಲ್ಕು ವರ್ಷ ನನಗೆ ಒಂದು ಎದುರು ಮಾತು ಆಡಿದೋರಲ್ಲ. ಅಂಥ ದನಿ ಇವತ್ತು ಕೇಳಿಸ್ತೀನಿ. ಕೆಲವರಿಗೆ ಮರೆತುಹೋಗಿದೆಯಂತೆ!”

ಕೆಲವರು ಅಂದಾಗ ವಾರಿಜಾನ ಕಡೆ ನೋಡಿದಳು. ವಾರಿಜಾ ಬಳೆ ಸರಿಮಾಡಿಕೊಂಡಳು.

ಸಮನ್ವಿತಾ ಗುಂಡಿ ಒತ್ತಿದಳು. ಕರಕರ ಅಂತು. ಆಮೇಲೆ:

“ಪ್ರದರ್ಶನ ಒಂದು. ವಿದ್ಯಾರ್ಥಿಗಳೇ, ಗಮನವಿಟ್ಟು ಕೇಳಿ.”

ಅದೇ! ಸ್ವಲ್ಪ ಮೂಗಲ್ಲಿ. ‘ಕೇಳಿ’ ಅನ್ನೋವಾಗ ಕೊನೆಗೆ ಒಂಚೂರು ಇಳಿಯೋದು. ಪಾರ್ವತಮ್ಮ ಶಾಮಿಯಾನದ ಗೂಟ ಹಿಡಿದುಕೊಂಡಳು. ಮುನಿಯಣ್ಣ ಬಾಕ್ಸಿಗೇ ಕೈ ಮುಗಿದುಬಿಟ್ಟರು. ವಾರಿಜಾ ಗೊಳೋ ಅಂತ ಅತ್ತಳು. ಅಳಲಿ ಅಂತ ಪಾರ್ವತಮ್ಮ ಅವಳನ್ನ ಕಣ್ತುಂಬ ನೋಡಿದಳು.

ಇಲ್ಲಿಗೆ ನಿಲ್ಲಿಸಿದ್ದರೆ ಮರ್ಯಾದೆಯಾಗಿ ಊಟ ಮುಗೀತಿತ್ತು. ನಿಲ್ಲಿಸಲಿಲ್ಲ.

ಮೊದಲ ಮೂರು ಬರೀ ಕೂಊ, ಕೀಈ. ನಾಲ್ಕನೇದು ಅದಕ್ಕಿಂತ ಕೀರಲು, ದೊಡ್ಡೋರಿಗೆ ಏನೂ ಕೇಳಿಸಲಿಲ್ಲ, ಮಕ್ಕಳೆಲ್ಲ ಮಾತ್ರ ಕಿವಿ ಮುಚ್ಚಿಕೊಂಡು ಚೀರಿದವು. ಬೀದಿ ನಾಯಿಗಳು ಗುಂಪು ಕಟ್ಟಿ ಬಂದು ಶಾಮಿಯಾನದ ಮುಂದೆ ನಿಂತು ಬೊಗಳಿದವು. ಬಾಕ್ಸೊಳಗಿಂದ ಸಿದ್ದರಾಜು ತಣ್ಣಗೆ ಹೇಳಿದರು: “ಕೇಳಿಸದವರು ಗಾಬರಿಯಾಗಬೇಡಿ. ಕಿವಿಗೆ ವಯಸ್ಸಾಗಿದೆ.”

“ನನಗೇನೋ ವಯಸ್ಸು, ಇವನಿಗೆ ಹೆಂಗೆ ಗೊತ್ತಾಯ್ತು?” ಅಂದರು ಮುನಿಯಣ್ಣ.

ಆರನೇದು ಸ್ಕೂಟರು. ಬಲಗಡೆ ಬಾಕ್ಸಿಂದ ಎಡಗಡೆ ಬಾಕ್ಸಿಗೆ ಓಡೋ ಶಬ್ದ. ರಾಜ್ಯೋತ್ಸವದ ಬಾಕ್ಸು! ಸ್ಕೂಟರು ಶಾಮಿಯಾನದೊಳಗೇ ನುಗ್ಗಿದಂಗಾಯಿತು. ಮುನಿಯಣ್ಣ ಕುರ್ಚಿ ಸಮೇತ ಹಿಂದಕ್ಕೆ ಹಾರಿದರು. “ಯಾವನೋ ಅವ್ನು! ತಿಥಿ ನಡೀತಿರೋದು ಕಾಣಲ್ವಾ?” ಅಂತ ಕೋಲು ಬೀಸಿದರು. ಹಿಂದೆ ಕೂತಿದ್ದೋರ ನೀರಿನ ಲೋಟ ಕೋಲಿಗೆ ತಗುಲಿ ಉರುಳಿಹೋಯಿತು. ಲೋಟ ಹೋದೋರು ಎದ್ದರು, ಅವರು ಎದ್ದಿದ್ದಕ್ಕೆ ಸ್ಕೂಟರು ಬಂತು ಅಂತ ನಂಬಿ ಒಂದು ಸಾಲು ಪೂರ್ತಿ ಎದ್ದಿತು.

ಎಂಟನೇದು ಕುಕ್ಕರು. ಮೂರು ಸಲ ಕೂಗಿತು. ಮೂರು ಕೂಗಿದರೆ ಕೂತಿರೋ ಹೆಂಗಸು ಯಾರಾದ್ರೂ ಇದಾರಾ? ಅಳ್ತಾ ಇದ್ದ ವಾರಿಜಾ ಮೂಗೊರೆಸಿಕೊಂಡೇ ಓಡಿಹೋಗಿ ಹಿಂದುಗಡೆ ಉರೀತಿದ್ದ ಒಲೆಗಳನ್ನೆಲ್ಲ ಪಟಪಟ ಆರಿಸಿ ಬಂದಳು. ಆಮೇಲೆ ಅಡುಗೆಯೋರು ಸೌಟು ಹಿಡಿದು ಬಂದರು.

“ಯಾರ್ರೀ ಒಲೆ ಆರಿಸಿದ್ದು? ಅರವತ್ತು ಜನದ ಅನ್ನ, ಅಕ್ಕಿ ಅಕ್ಕಿ ಹಂಗೇ ಇದೆ!”

“ಮೂರು ಕೂಗ್ತಲ್ಲ!” ಅಂದಳು ವಾರಿಜಾ.

“ನಾವು ಕುಕ್ಕರೇ ಇಟ್ಟಿಲ್ಲ ತಾಯಿ! ಡಬರಿಯಲ್ಲಿ ಬೇಯ್ತಿರೋದು!”

ಹತ್ತು ಮುಗಿದ ತಕ್ಷಣ ಸಮನ್ವಿತಾ ಗಡಬಡಿಸಿ ಎದ್ದಳು. “ಅಮ್ಮ, ಸಾಕು. ಊಟಕ್ಕೆ ಹೊತ್ತಾಯ್ತು.”

“ಅನ್ನ ಬೆಂದಿಲ್ಲ. ಹಾಕು!”

“ಅಮ್ಮ, ಬೇಡಿ ಅಮ್ಮ.”

“ಹಾಕಮ್ಮ ಅಂದ್ರೆ!”

ಹಾಕಿದಳು.

“ಪ್ರದರ್ಶನ ಹನ್ನೊಂದು. ದೊಡ್ಡ ಶಬ್ದ ಇರುವಾಗ ಅದರ ಅಡಿಯಲ್ಲಿರುವ ಸಣ್ಣ ಶಬ್ದ ಕಿವಿಗೆ ಬೀಳುವುದಿಲ್ಲ. ಸಣ್ಣ ಶಬ್ದ ಇಲ್ಲ ಎಂದಲ್ಲ. ಮುಚ್ಚಿಹೋಗಿರುತ್ತದೆ, ಅಷ್ಟೆ. ಉದಾಹರಣೆಗೆ, ಒಬ್ಬ ಗೃಹಿಣಿ.”

ಆಮೇಲೆ ಬಾಕ್ಸು ಒಡೆದುಹೋಗೋ ಹಂಗೆ ಒಂದು ಹೆಂಗಸಿನ ದನಿ ಬಂತು.

“ರೀ! ಎಷ್ಟು ಸಲ ಬಡ್ಕೊಂಡೆ, ಸಬ್ಬಸಿಗೆ ಸೊಪ್ಪು ತನ್ನಿ ಸಬ್ಬಸಿಗೆ ಸೊಪ್ಪು ತನ್ನಿ ಅಂತ! ಬೆಳಗಿಂದ ಅವರೆಕಾಯಿ ಸುಲಿದು ಉಗುರು ಕಿತ್ತೋಗಿದೆ ನಂದು! ಸೊಪ್ಪಿಲ್ದೆ ಉಪ್ಪಿಟ್ಟು ಮಾಡಿ ಯಾರ ತಲೆಗೆ ಹಾಕ್ಲಿ? ಮಣ್ಣಿನ ಬೊಂಬೆ ನಿಂತಂಗೆ ನಿಂತಿದ್ದೀರಲ್ಲ, ಬಾಯಲ್ಲಿ ಏನು ಕಡುಬಿಟ್ಕೊಂಡಿದ್ದೀರಾ?”

ಶಾಮಿಯಾನ ನಡುಗಿತು. ಮಲಗಿದ್ದ ನಾಯಿಗಳು ಎದ್ದು ಹೋದವು. ನಾಲ್ಕನೇ ಪ್ರದರ್ಶನಕ್ಕೆ ಬಂದವು ಹನ್ನೊಂದಕ್ಕೆ ಓಡಿದವು!

ಪಾರ್ವತಮ್ಮನ ಕಣ್ಣು ಕೆಂಪಾಯಿತು. ಎಂಥ ಬಜಾರಿ! ಎಂಥ ಕೆಟ್ಟ ಗಂಟಲು! ತನ್ನ ಗಂಡನನ್ನ ಹಿಂಗೆ ಅನ್ನೋ ಹೆಂಗಸು ಈ ಊರಲ್ಲಿ ಇದ್ದಳಾ?

“ಯಾರಿವಳು?” ಅಂತ ಎದ್ದಳು. “ನಮ್ಮ ಯಜಮಾನರ ಮೇಲೆ ಕೂಗೋಕೆ ಇವಳ್ಯಾರು? ಇವಳಿಗೇನು ಗಂಡ ಮಕ್ಕಳಿಲ್ವಾ?”

ಭೀಮೇಶ್ ವೈರು ನೋಡೋಕೆ ಬಗ್ಗಿದ. ಮುನಿಯಣ್ಣ ಆಕಾಶ ನೋಡಿದರು. ಕೊನೆಗೆ ವಾರಿಜಾ ಬಾಯಿಬಿಟ್ಟಳು.

“ಅಕ್ಕ... ನೀವೇ.”

“ಏನು ನಾನೇ?”

“ಅದು ನೀವೇ ಅಕ್ಕ.”

“ನಂದು ಹಿಂಗಿದೆಯಾ ದನಿ?”

ಅರವತ್ತು ತಲೆ ಒಟ್ಟಿಗೆ ಹೌದು ಅಂತ ಆಡಿದವು.

ಸಮನ್ವಿತಾ ಮೆಲ್ಲಗೆ ಅಂದಳು: “ನಮ್ಮ ದನಿ ನಮಗೆ ತಲೆ ಒಳಗಿಂದಾನೂ ಕೇಳಿಸತ್ತೆ ಅಮ್ಮ. ಹೊರಗಿಂದ ಕೇಳಿದ್ರೆ ಯಾರಿಗೂ ಗುರುತು ಸಿಗಲ್ಲ.”

“ಎಲ್ಲಿ ಹಿಡಿದ್ರು ಇದನ್ನ?”

“ನಿಮ್ಮ ಫ್ರಿಡ್ಜ್ ಮೇಲೆ ಒಂದು ಮೈಕು ಇಟ್ಟಿದ್ರಂತೆ.”

ಫ್ರಿಡ್ಜ್ ಮೇಲೆ ಒಂದು ವಾರ ಕೂತಿದ್ದ ಕಪ್ಪು ಡಬ್ಬಿ! ಪಾರ್ವತಮ್ಮ ದಿನಾ ಅದರ ಧೂಳು ಹೊಡೆದಿದ್ದಳು. ಕೆಳಗೆ ಕಸೂತಿ ಹಾಕಿದ ಬಟ್ಟೆ ಬೇರೆ ಹಾಸಿದ್ದಳು!

“ಎಂಟು ವರ್ಷದಿಂದ ಇದನ್ನ ಹುಡುಗರು ಕೇಳ್ತಿದಾರಾ?”

“ವರ್ಷಕ್ಕೆ ನಲವತ್ತು ಜನ. ನಾನೂ ಇದರಲ್ಲೇ ಕಲಿತಿದ್ದು. ಮೊನ್ನೆ ನೀವು ಫೋನಲ್ಲಿ ಹಲೋ ಅಂದ ತಕ್ಷಣ ನನಗೆ ಗೊತ್ತಾಯ್ತು, ಹನ್ನೊಂದನೇ ಪ್ರದರ್ಶನ ಅಂತ.”

ಅಷ್ಟರಲ್ಲಿ ಬಾಕ್ಸು ಮುಂದುವರಿಯಿತು. “ಈ ಧ್ವನಿಯ ಅಡಿಯಲ್ಲಿ ಗಂಡನ ಉತ್ತರವೂ ಇದೆ. ಕೇಳಿಸಿತೆ? ಇಲ್ಲ. ಈಗ ಗೃಹಿಣಿಯನ್ನು ಸ್ವಲ್ಪ ತಗ್ಗಿಸೋಣ.”

“ಬದುಕಿದ್ದಾಗ ತಗ್ಗಿಸೋಕೆ ಆಗ್ಲಿಲ್ಲ, ಈಗ ತಗ್ಗಿಸ್ತಾವ್ನೆ” ಅಂದರು ಮುನಿಯಣ್ಣ, ತಮಗೆ ಮಾತ್ರ ಕೇಳಿಸತ್ತೆ ಅಂದುಕೊಂಡು. ಅವರ ಕಿವಿ ಮಂದ. ಎಲ್ಲರಿಗೂ ಕೇಳಿಸಿತು.

ಪಾರ್ವತಮ್ಮನ ತಲೆಗೆ ಒಂದೇ ಮಾತು ಹೊಕ್ಕಿತು. ಉತ್ತರ ಇದೆ! ಅಂದರೆ ಮೂವತ್ನಾಲ್ಕು ವರ್ಷ ಸುಮ್ಮನಿರಲಿಲ್ಲ ಈ ಮನುಷ್ಯ!

“ಒಂದು ನಿಮಿಷ. ಅವರದು ಎಲ್ಲಿ ಹಿಡಿದ್ರು?”

“ಅವರ ಅಂಗಿ ಜೇಬಲ್ಲಿ ಇನ್ನೊಂದು ಮೈಕು ಇತ್ತು ಅಮ್ಮ.”

“ಜೇಬಲ್ಲಾ! ಜೇಬಲ್ಲಿ ಮೈಕಿಟ್ಕೊಂಡು ನನ್ನ ಜೊತೆ ಸಂಸಾರ ಮಾಡ್ತಿದ್ರಾ?”

ಬಾಕ್ಸಲ್ಲಿ ಅದೇ ಬೈಗುಳ ಮತ್ತೆ ಬಂತು, ಈ ಸಲ ಪಕ್ಕದ ಮನೆಯಿಂದ ಬಂದಂಗೆ. ಅದರ ಸಂದಿಯಲ್ಲಿ ಗಂಡಸಿನ ದನಿ ಒಂಚೂರು ಇಣುಕಿತು. “...ಕಣೇ...”

“ಕಣೇ ಅಂದ್ರು!” ಅಂತ ಮಗುವೊಂದು ಕೂಗಿತು.

“ಇನ್ನೂ ತಗ್ಗಿಸೋಣ.” ಬೈಗುಳ ಪಕ್ಕದ ರಸ್ತೆಗೆ ಹೋಯಿತು. “...ಬಾಗಿಲ...” ಅಂತ ಬಂತು.

“ಬಾಗಿಲು ತೆಗೆದು ಓಡಿಹೋಗ್ತೀನಿ ಅಂತಿದಾರೆ” ಅಂದ ಯಾರೋ ಹಿಂದಿನಿಂದ. ಅರವತ್ತು ಜನ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಇಷ್ಟು ಗಮನ ಕೊಟ್ಟು ಯಾವ ಭಾಷಣಾನೂ ಯಾರೂ ಕೇಳಿರಲಿಕ್ಕಿಲ್ಲ.

“ಈಗ ಗೃಹಿಣಿಯನ್ನು ಪೂರ್ತಿ ತೆಗೆದುಬಿಡೋಣ.”

ಪಾರ್ವತಮ್ಮನಿಗೆ ತಡೆಯೋಕೆ ಆಗಲಿಲ್ಲ. ಬಾಕ್ಸಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು.

“ತೆಗೀತೀರಾ ನನ್ನ? ತೆಗೀರಿ! ಎದುರು ಮಾತಾಡಿದ್ದೂ ಅಲ್ದೆ ಊರಿಗೆಲ್ಲ ಹಂಚಿದ್ದೀರಾ! ನನ್ನ ಮುಖಕ್ಕೆ ಹೇಳೋಕೆ ಏನಾಗಿತ್ತು? ಏನಂತ ಬೈದ್ರಿ ನನ್ನ? ಹೇಳ್ರೀ! ಎಲ್ಲರ ಮುಂದೆ ಹೇಳಿ!”

ಅವಳು ಉಸಿರು ತಗೊಳ್ಳೋ ಹೊತ್ತಿಗೆ ಬಾಕ್ಸು ಸುಮ್ಮನಾಗಿತ್ತು. ತಿರುಗಿ ನೋಡಿದರೆ ಯಾರ ಮುಖದಲ್ಲೂ ನಗು ಇಲ್ಲ. ವಾರಿಜಾ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

“ಏನಂದ್ರು?”

ಮುನಿಯಣ್ಣ ಪಂಚೆ ಅಂಚಿಂದ ಕಣ್ಣೊರೆಸಿಕೊಂಡರು.

“ಏನಂದ್ರು ಅಂತ ಕೇಳ್ತಿರೋದು! ನನಗೆ ಯಾಕೆ ಕೇಳಿಸ್ಲಿಲ್ಲ?”

“ನೀವು ಕೂಗ್ತಿದ್ರಲ್ಲ ಅಮ್ಮ” ಅಂದಳು ಸಮನ್ವಿತಾ. “ಅದಕ್ಕೇ.”

ಪಾರ್ವತಮ್ಮ ಕುರ್ಚಿ ಮೇಲೆ ಕೂತಳು. ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಬೆರಳಾಡಿಸಿ ‘ಮತ್ತೆ ಹಾಕು’ ಅಂತ ಸನ್ನೆ ಮಾಡಿದಳು.

ಈ ಸಲ ಅಡ್ಡ ಏನೂ ಇರಲಿಲ್ಲ.

“ತಂದಿದ್ದೀನಿ ಕಣೇ. ಬಾಗಿಲ ಹಿಂದೆ ಚೀಲದಲ್ಲಿದೆ, ನೋಡು... ಪಾರ್ವತಿ, ತಂದಿದ್ದೀನಿ... ಆಯ್ತು. ಇರು, ಇನ್ನೊಂದು ಕಟ್ಟು ತರ್ತೀನಿ.”

ಆಮೇಲೆ ಚಪ್ಪಲಿ ಎಳೆದ ಶಬ್ದ. ಗೇಟು ಕಿರ್ ಅಂದಿದ್ದು. ಅಷ್ಟೇ.

ಪಾರ್ವತಮ್ಮನಿಗೆ ಆ ದಿನ ನೆನಪಾಗಲಿಲ್ಲ. ಅಂಥ ದಿನ ಎಷ್ಟೋ! ಯಾವುದನ್ನ ಅಂತ ನೆನಪಿಟ್ಟುಕೊಳ್ಳೋದು? ಬಾಯಿ ಮೇಲಿನ ಕೈ ಒದ್ದೆಯಾಯಿತು. ಆ ಗೇಟಿಗೆ ಎಣ್ಣೆ ಹಾಕಿ ಅಂತಲೂ ಅವಳು ಬೈದಿದ್ದಳು.

ಸಮನ್ವಿತಾ ನಿಲ್ಲಿಸೋಕೆ ಕೈ ಚಾಚಿದಳು. ಪಾರ್ವತಮ್ಮ ಬೇಡ ಅಂತ ತಲೆ ಆಡಿಸಿದಳು. ಇನ್ನೂ ಒಂದು ಇದೆಯಲ್ಲ. ಇನ್ನೊಂದು ಸಲ ಆ ದನಿ ಸಿಗತ್ತಲ್ಲ.

“ಪ್ರದರ್ಶನ ಹನ್ನೆರಡು. ಅದೇ ಗೃಹಿಣಿ, ಅರ್ಧ ಗಂಟೆಯ ನಂತರ. ಗಂಡನ ಉತ್ತರವನ್ನು ಗುರುತಿಸಿ.”

“ಎರಡು ಕಟ್ಟು ಯಾಕ್ರೀ ತಂದ್ರಿ? ಒಂದು ಬಾಗಿಲ ಹಿಂದೆ, ಒಂದು ಕೈಯಲ್ಲಿ! ಮನೇಲಿ ಹಸು ಕಟ್ಟಿದ್ದೀರಾ?”

ತಡೆದುಕೊಂಡಿದ್ದ ನಗು ಒಂದೇ ಸಲ ಕಿತ್ತುಕೊಂಡು ಬಂತು. ಭೀಮೇಶ್ ಬಾಕ್ಸು ತಬ್ಬಿಕೊಂಡು ನಕ್ಕ. ಸೌಟು ಹಿಡಿದು ನಿಂತಿದ್ದ ಅಡುಗೆಯೋರೂ ನಕ್ಕರು. ಪಾರ್ವತಮ್ಮ ತಿರುಗಿ “ಶ್!” ಅಂದಳು. ಆ ‘ಶ್’ ಗೆ ಬಾಕ್ಸು ಬೇಕಾಗಿರಲಿಲ್ಲ. ಎಲ್ಲ ಗಪ್ಪಾದರು.

ಗೃಹಿಣಿ ತಗ್ಗಿದಳು. ಇನ್ನೂ ತಗ್ಗಿದಳು. ಕೊನೆಗೆ ಪೂರ್ತಿ ಹೋದಳು. ಸೊಯ್ ಅನ್ನೋ ಫ್ಯಾನಿನ ಶಬ್ದ ಮಾತ್ರ ಉಳಿಯಿತು. ಪಾರ್ವತಮ್ಮ ಬಾಕ್ಸಿನ ಜಾಲರಿಗೆ ಕಿವಿ ಹಚ್ಚಿದಳು. ಆ ಸೊಯ್ ಒಳಗೆ ಏನೋ ಸಣ್ಣಗೆ...

“ಹೂಂ ಅಂದ” ಅಂದರು ಮುನಿಯಣ್ಣ.

“ಇಲ್ಲ ಮಾವ, ಹಾಳಾಗ್ಲಿ ಬಿಡು ಅಂದ್ರು” ಅಂದಳು ವಾರಿಜಾ.

“ಇಬ್ರೂ ಬಾಯಿ ಮುಚ್ಚಿ” ಅಂದಳು ಪಾರ್ವತಮ್ಮ. “ನನ್ನ ಗಂಡನ ದನಿ ನನಗೆ ಗೊತ್ತಿಲ್ವಾ? ಸ್ಪಷ್ಟವಾಗಿ ಕೇಳಿಸ್ತು. ‘ಆಯ್ತು ಬಿಡು ಪಾರ್ವತಿ’ ಅಂದ್ರು. ಕೊನೆಗೆ ಒಂಚೂರು ಇಳಿಸಿ.”

ಬಾಕ್ಸು ಗಂಟಲು ಸರಿಮಾಡಿಕೊಂಡಿತು.

“ಈ ಪ್ರದರ್ಶನದಲ್ಲಿ ಗಂಡ ಏನೂ ಮಾತಾಡಿಲ್ಲ. ಆದರೂ ಕೇಳಿಸಿತು ಎನ್ನುವವರು ಪ್ರತಿ ತರಗತಿಯಲ್ಲೂ ಇರುತ್ತಾರೆ. ಅವರು ದಯವಿಟ್ಟು ಕೈ ಎತ್ತಿ.”

ಮುನಿಯಣ್ಣ ಕೋಲು ನೋಡಿಕೊಂಡರು. ವಾರಿಜಾ ನೆಲ ನೋಡಿದಳು.

ಪಾರ್ವತಮ್ಮ ಸೆರಗು ಸರಿಮಾಡಿಕೊಂಡು, ಬಾಕ್ಸಿನ ಮುಂದೆ ನೆಟ್ಟಗೆ ನಿಂತು, ಕೈ ಎತ್ತಿದಳು.